ನಿವೃತ್ತಿಯೂ ಬರವಣಿಗೆಯೂ

(ಶತಮಾನೋತ್ಸವದ ಅಂಗವಾಗಿ ಮುಗಳಖೋಡದಲ್ಲಿ ನಡೆದ ನಿವೃತ್ತ ಶಿಕ್ಷಕರ ಸನ್ಮಾನ ಸಮಾರಂಭದಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ನಿವೃತ್ತರಾದವರಿಗೆ ಶಾಲು ಹೊದಿಸಿ, ಮಾಲೆ ಹಾಕಿ, ಇನ್ನು ಸುಖವಾಗಿ ವಿಶ್ರಾಂತಿ ಪಡೆಯಿರೆಂದು ಹಾರೈಸುವುದು ನಮ್ಮ ವಾಡಿಕೆ. ನಾನಾದರೋ ತಮ್ಮ ವಿಶ್ರಾಂತಿಗೆ ಸ್ವಲ್ಪ ಭಂಗ ತರಬೇಕೆಂದೇ ಎದ್ದು ನಿಂತಿದ್ದೇನೆ. ಇಷ್ಟು ವರ್ಷ ಪರರು ಬರೆದ ಪುಸ್ತಕಗಳನ್ನು ಮಕ್ಕಳಿಗೆ ಕಲಿಸಿದ ತಾವು, ಇನ್ನು ಮುಂದೆ ತಮ್ಮದೇ ಪುಸ್ತಕವನ್ನು ಬರೆಯಬೇಕೆಂಬುದು ನನ್ನ ಬಿನ್ನಹ.

ಈ ಬಿನ್ನಹದ ಹಿಂದೆ ನನ್ನದೊಂದು ತಪ್ಪು ಇದೆ. ಅನೇಕ ವರ್ಷಗಳ ಹಿಂದೆ, ನಾನಿನ್ನೂ ಕಿರಿಯ ಗುರುವಾಗಿದ್ದಾಗ, ವಯೋವೃದ್ಧ ಮಾಸ್ತರರೊಬ್ಬರು ಬಲಿಪೂಜೆಯ ಅನಂತರ ನನ್ನ ಬಳಿ ಬಂದು, "ಸ್ವಾಮಿ, ಹಳೆಯ ಉಪದೇಶಿಗಳ ಸಂಗತಿ, ಬರಗಾಲದ ಸಂಗತಿ, ಮೊದಲ ಶಾಲೆಯ ಸಂಗತಿ ಎಲ್ಲವೂ ನನಗೆ ನೆನಪಿವೆ. ಒಂದು ವಹಿ ಕೊಡಿಸಿರಿ, ಬರೆದಿಡುತ್ತೇನೆ" ಎಂದರು. "ಆಗಲಿ ಮಾಸ್ತರರೇ, ಹಬ್ಬ ಮುಗಿಯಲಿ" ಎಂದೆನು. ಹಬ್ಬವೂ ಮುಗಿಯಿತು, ಮಳೆಗಾಲವೂ ಮುಗಿಯಿತು. ವಹಿ ಮಾತ್ರ ಅವರ ಕೈ ಸೇರಲಿಲ್ಲ. ಮುಂದಿನ ವರ್ಷ ಅವರ ಅಂತ್ಯಕ್ರಿಯೆಯನ್ನು ನಾನೇ ನೆರವೇರಿಸಿದೆನು. ಒಂದು ವಹಿಯ ಬೆಲೆ ಎಷ್ಟೆಂಬುದು ಅಂದು ಸಮಾಧಿಯ ಬದಿಯಲ್ಲಿ ನಿಂತಾಗ ನನಗೆ ತಿಳಿಯಿತು.

ಈ ಸಂಚಿಕೆಯನ್ನು ಸಿದ್ಧಪಡಿಸುವಾಗ ಸಮಿತಿಯವರು ಹಳೆಯ ದಾಖಲೆಗಳನ್ನು ತೆರೆದು ನೋಡಿದರು. ಜ್ಞಾನಸ್ನಾನ, ವಿವಾಹ, ಮರಣಗಳ ಪುಸ್ತಕಗಳಲ್ಲಿ ಹೆಸರುಗಳಿವೆ, ತಾರೀಖುಗಳಿವೆ. ಆದರೆ ಆ ಹೆಸರಿನವರು ಹೇಗೆ ಬಾಳಿದರು, ಯಾರ ಹೊಲದಲ್ಲಿ ದುಡಿದರು, ಮಕ್ಕಳನ್ನು ಶಾಲೆಗೆ ಕಳುಹಿಸಲು ಏನೇನು ಕಷ್ಟಪಟ್ಟರು ಎಂಬುದು ಅಲ್ಲಿಲ್ಲ. ಅದನ್ನು ಬಲ್ಲವರು ತಾವು. ಒಂದೊಂದು ಮನೆಯ ಮೂರು ತಲೆಮಾರಿಗೆ ಅಕ್ಷರ ಕಲಿಸಿದವರು ತಾವು.

ಅರವತ್ತು ದಾಟಿದ ಮೇಲೆ ಬರವಣಿಗೆಯೇ ಎಂದು ತಾವು ಕೇಳಬಹುದು. ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1896ರಲ್ಲಿ ಜನಿಸಿದ ಶಂ. ಬಾ. ಜೋಶಿಯವರನ್ನು ನೆನೆಯಿರಿ. ಅವರು ಧಾರವಾಡದಲ್ಲಿ ಶಾಲಾ ಶಿಕ್ಷಕರಾಗಿದ್ದರು. ಸೇವೆಯಲ್ಲಿದ್ದಾಗಲೇ ಬರೆಯುತ್ತಿದ್ದರೂ, ಅವರ ಹಿರಿಯ ಕೃತಿಯಾದ ‘ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ’ ಹೊರಬಂದುದು ನಿವೃತ್ತಿಯ ಬಹುಕಾಲದ ಮೇಲೆ. 1970ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆತಾಗ ಅವರಿಗೆ ಎಪ್ಪತ್ತನಾಲ್ಕು ವರ್ಷ. ಅವರು ಮರಾಠಿಯಲ್ಲಿಯೂ ಬರೆದರು. ಎರಡು ಭಾಷೆಗಳ ನಡುವೆ ಬಾಳುವ ನಮ್ಮ ಗಡಿಭಾಗದವರಿಗೆ ಇದು ಸಂತೋಷದ ಮಾತಲ್ಲವೇ?

ಇನ್ನೊಬ್ಬರು ಪ್ರೊಫೆಸರ್ ಜಿ. ವೆಂಕಟಸುಬ್ಬಯ್ಯನವರು. 1913ರಲ್ಲಿ ಜನಿಸಿದ ಅವರು 1973ರಲ್ಲಿ ಬೆಂಗಳೂರಿನ ವಿಜಯಾ ಕಾಲೇಜಿನಿಂದ ನಿವೃತ್ತರಾದರು. ಅನಂತರವೂ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟಿಗಾಗಿ ದುಡಿದರು. 1991ರಲ್ಲಿ, ಎಪ್ಪತ್ತೆಂಟರ ಹರೆಯದಲ್ಲಿ, ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಅಂಕಣವನ್ನು ಆರಂಭಿಸಿ, ಓದುಗರ ಪ್ರಶ್ನೆಗಳಿಗೆ ಉತ್ತರ ಬರೆಯತೊಡಗಿದರು. ತರಗತಿ ಮುಗಿದಿತ್ತು, ಪಾಠ ಮುಗಿದಿರಲಿಲ್ಲ. 2021ರಲ್ಲಿ ನೂರೇಳನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

"ಅವರು ಪಂಡಿತರು, ನಾವು ಹಳ್ಳಿಯ ಮಾಸ್ತರರು" ಎಂದು ಹಿಂಜರಿಯಬೇಡಿರಿ. ಸಂತ ಲೂಕರನ್ನು ನೋಡಿರಿ. ಅವರು ತಮ್ಮ ಶುಭಸಂದೇಶದ ಆರಂಭದಲ್ಲಿಯೇ, ಕಣ್ಣಾರೆ ಕಂಡವರಿಂದ ಬಂದ ಸಂಗತಿಗಳನ್ನು ಸೂಕ್ಷ್ಮವಾಗಿ ವಿಚಾರಿಸಿ ಕ್ರಮವಾಗಿ ಬರೆಯುತ್ತಿರುವುದಾಗಿ ತಿಳಿಸುತ್ತಾರೆ. ವಿಚಾರಿಸುವುದು, ಕ್ರಮವಾಗಿ ಬರೆಯುವುದು, ಇವೆರಡೂ ಶಿಕ್ಷಕರಿಗೆ ಹೊಸ ವಿದ್ಯೆಗಳೇನು?

ದಿನಕ್ಕೆ ಒಂದೇ ಪುಟ ಬರೆಯಿರಿ. ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಇಂಥವರಿಂದ ಕೇಳಿದ್ದೆಂದೂ ಬೇರೆ ಬೇರೆಯಾಗಿ ಗುರುತಿಸಿರಿ. ಊರಿನ ಹೆಸರು, ವರ್ಷ, ಮಳೆ, ಬೆಳೆ, ಕೂಲಿ ಇವನ್ನು ಬಿಡಬೇಡಿರಿ. ಜೋಳದ ಹೊಲಗಳು ಕಬ್ಬಿನ ಹೊಲಗಳಾದ ಕಥೆಯನ್ನು ತಮ್ಮ ಮೊಮ್ಮಕ್ಕಳು ಮತ್ತಾರಿಂದ ತಿಳಿಯಬೇಕು? ಹಳೆಯ ಹಗೆಯನ್ನು ತೀರಿಸಿಕೊಳ್ಳಲು ಮಾತ್ರ ಲೇಖನಿ ಹಿಡಿಯಬೇಡಿರಿ. ಸತ್ತವರು ಎದ್ದು ಬಂದು ಉತ್ತರ ಹೇಳಲಾರರು. ಕಣ್ಣು ಮಂಜಾದವರು ಬಾಯಿಂದ ಹೇಳಿ ಮೊಮ್ಮಕ್ಕಳಿಂದ ಬರೆಯಿಸಿರಿ. ಬರೆಯುವ ಮಗುವಿಗೂ ಅದೊಂದು ಪಾಠವಾದೀತು. ಅಚ್ಚು ಹಾಕಿಸುವ ಚಿಂತೆ ಆಮೇಲಿನದು. ಒಂದು ಪ್ರತಿ ಮನೆಯಲ್ಲಿರಲಿ, ಒಂದು ಪ್ರತಿ ದೇವಾಲಯದ ಕಪಾಟಿನಲ್ಲಿರಲಿ.

ವಿಚಾರಣಾ ಗುರುವು ಎಪ್ಪತ್ತೈದು ತುಂಬಿದಾಗ ರಾಜೀನಾಮೆಯನ್ನು ಸಲ್ಲಿಸಬೇಕೆಂದು ಧರ್ಮಸಭೆಯ ಕಾನೂನು ಕೇಳಿಕೊಳ್ಳುತ್ತದೆ. ನನಗೂ ಆ ದಿನ ಬಹು ದೂರವಿಲ್ಲ. ಆದುದರಿಂದ ತಮಗೆ ಹೇಳಿದ್ದನ್ನು ನಾನೂ ಮಾಡುವೆನೆಂದು ಈ ಸಭೆಯಲ್ಲಿ ಮಾತು ಕೊಡುತ್ತೇನೆ. ನನ್ನ ಮೊದಲ ಪುಟ ಆ ಮಾಸ್ತರರನ್ನು ಕುರಿತದ್ದೇ ಆಗಿರುತ್ತದೆ.

ಸನ್ಮಾನಿತರಿಗೆ ಶಾಲಿನ ಜೊತೆಗೆ ಒಂದೊಂದು ವಹಿಯನ್ನೂ ಇಂದು ಕೊಟ್ಟಿದ್ದೇವೆ. ಇದು ಬಹಳ ತಡವಾಗಿ ತೀರಿಸುತ್ತಿರುವ ಸಾಲ. ದಯವಿಟ್ಟು ಅದನ್ನು ಬರಿದಾಗಿ ಹಿಂದಿರುಗಿಸಬೇಡಿರಿ.

ದೇವರು ತಮ್ಮ ನೆನಪನ್ನೂ ಕೈಯನ್ನೂ ಆಶೀರ್ವದಿಸಲಿ.