ಭಿತ್ತಿಪತ್ರದಲ್ಲಿ ಯಾರ ಮುಖ ದೊಡ್ಡದು?

(ಮಟಮಾರಿಯಲ್ಲಿ ಸೇರಿದ್ದ ಗಿರಣಿ ಕೂಲಿಕಾರರ ಮತ್ತು ಸಣ್ಣ ವ್ಯಾಪಾರಸ್ಥರ ಸಭೆಯಲ್ಲಿ, ಬೋರ್ಡು ಬರೆಯುವ ವೃತ್ತಿಯ ಮಿತ್ರರೊಬ್ಬರು ಆಡಿದ ಮಾತುಗಳ ಪಾಠ. ಸಭೆಯ ಗೋಡೆಗೆ ಕೆಲವು ಅಚ್ಚು ಚಿತ್ರಗಳ ಪ್ರತಿಗಳನ್ನು ತೂಗುಹಾಕಲಾಗಿತ್ತು. — ಸಂ.)



ನಾನು ಭಾಷಣಕಾರನಲ್ಲ, ಕುಂಚ ಹಿಡಿದು ಹೊಟ್ಟೆ ಹೊರೆದವನು. ಮಾತಿನಲ್ಲಿ ಕ್ರಮ ತಪ್ಪಿದರೆ ಮನ್ನಿಸಬೇಕು. ಚಿತ್ರದ ವಿಷಯವಾಗಿ ನಾಲ್ಕು ಮಾತು ಹೇಳಿರೆಂದು ಸಂಘದವರು ಕೇಳಿದಾಗ, ರಾಯಚೂರಿನ ಗಿರಣಿಯಿಂದ ಮೈತುಂಬ ಹತ್ತಿಯ ನಾರು ಹೊತ್ತು ಬರುವವರಿಗೆ ಚಿತ್ರದ ಕಥೆ ಏಕೆ ಬೇಕು ಎಂದು ನಾನೇ ಹಿಂಜರಿದೆ. ಆಮೇಲೆ ಹೋದ ವರ್ಷದ ನಮ್ಮ ಫ್ಲೆಕ್ಸು ನೆನಪಾಯಿತು. ಬಂದೆ.

ಆ ಫ್ಲೆಕ್ಸನ್ನು ನೀವೆಲ್ಲ ನೋಡಿದ್ದೀರಿ. ಹಮಾಲರ ಕೂಲಿ ಹೆಚ್ಚಿಸಬೇಕೆಂದು ಕರೆದ ಸಭೆಗೆ ಕಟ್ಟಿದ್ದು. ಅದರಲ್ಲಿ 14 ಮುಖಗಳಿದ್ದವು. ನಾನು ನಿಂತು ಎಣಿಸಿದೆ. ಹಮಾಲರದು ಒಂದೂ ಇರಲಿಲ್ಲ. ಬೇಡಿಕೆ ಏನೆಂಬುದು ಕಟ್ಟಕಡೆಯಲ್ಲಿ, ಅಚ್ಚು ಹಾಕಿದವನ ಫೋನು ನಂಬರಿನ ಪಕ್ಕದಲ್ಲಿ ಒಂದೇ ಸಾಲು. ಸೊಪ್ಪು ಮಾರುವ ಮುದುಕಿಯೊಬ್ಬಳು ಅದನ್ನು ನೋಡಿ ನನ್ನನ್ನು ಕೇಳಿದಳು: ‘ಯಪ್ಪಾ, ಇಷ್ಟೂ ಮಂದಿ ಒಂದ ದಿನ ತೀರಿಕೊಂಡ್ರೇನು?’ (ನಗು). ನಗಬೇಡಿ. ಆಕೆಯ ತಪ್ಪಿಲ್ಲ. ಊರಲ್ಲಿ ಯಾರಾದರೂ ಸತ್ತರೂ ಇಂಥದೇ ಫ್ಲೆಕ್ಸು, ಹುಟ್ಟುಹಬ್ಬಕ್ಕೂ ಇಂಥದೇ ಫ್ಲೆಕ್ಸು. ನಮ್ಮ ಕೂಲಿಯ ಮಾತಿಗೂ ಅದೇ ಅಂಗಿ ತೊಡಿಸಿದೆವು.

ಇದು ಹೊಸ ರೋಗವೇನೂ ಅಲ್ಲ. ನಮ್ಮ ಕಡೆ ತೊಗಲುಗೊಂಬೆಯಾಟ ಕಂಡವರು ಈ ಸಭೆಯಲ್ಲಿ ಇನ್ನೂ ಇದ್ದೀರಿ. ಕಿಳ್ಳೇಕ್ಯಾತರು ತೊಗಲನ್ನು ಹದಮಾಡಿ, ತೆಳ್ಳಗೆ ತಿಕ್ಕಿ, ಉಳಿಯಿಂದ ತೂತು ಕೊರೆದು, ಬಣ್ಣ ಹಾಕಿ, ಹಿಂದಿನಿಂದ ದೀಪ ಹಿಡಿದರೆ ಪರದೆಯ ಮೇಲೆ ಲಂಕೆಯೇ ಉರಿಯುತ್ತಿತ್ತು. ಅಂಥ ಕೈಗಾರಿಕೆ ನನಗೆ ಈ ಜನ್ಮದಲ್ಲಿ ಬರಲಾರದು. ಆದರೆ ಆ ಗೊಂಬೆಗಳಲ್ಲಿ ಒಂದು ಲೆಕ್ಕವಿದೆ: ರಾಜನ ಗೊಂಬೆ ದೊಡ್ಡದು, ದೇವರ ಗೊಂಬೆ ದೊಡ್ಡದು, ಆಳಿನ ಗೊಂಬೆ ಚಿಕ್ಕದು. ಗೊಂಬೆ ಮಾಡಿದವನು ತಾನೇ ಬಡವ; ಆದರೂ ಬಡವನನ್ನು ಚಿಕ್ಕದಾಗಿ ಕೊರೆದ. ಯಾರು ದೊಡ್ಡವರೆಂದು ಲೋಕ ಅವನಿಗೆ ಹೇಳಿಕೊಟ್ಟಿತ್ತೋ ಹಾಗೆ ಅವನ ಉಳಿ ನಡೆಯಿತು. ನಮ್ಮ ಫ್ಲೆಕ್ಸು ಕಂಪ್ಯೂಟರಿನಲ್ಲಿ ಹುಟ್ಟಿದರೂ ಅದೇ ಲೆಕ್ಕದಲ್ಲಿ ಹುಟ್ಟಿತು.

ಈ ಲೆಕ್ಕವನ್ನು ತಲೆಕೆಳಗು ಮಾಡಿದವರು ಉಂಟೋ? ಉಂಟು. ನನ್ನ ಎಡಕ್ಕೆ ತೂಗುಹಾಕಿರುವ ಆರು ಚಿತ್ರಗಳನ್ನು ನೋಡಿರಿ. ಇವುಗಳನ್ನು ಮಾಡಿದಾಕೆ ಜರ್ಮನಿಯ ಕೇಥೆ ಕೋಲ್ವಿಟ್ಸ್. ಗಂಡ ಬರ್ಲಿನ್ನಿನಲ್ಲಿ ಕೂಲಿಕಾರರ ಓಣಿಯ ಡಾಕ್ಟರು. ಆತನ ದವಾಖಾನೆಗೆ ಬರುತ್ತಿದ್ದ ಹೆಂಗಸರೇ ಈಕೆಗೆ ಚಿತ್ರದ ವಸ್ತು. 1844ರಲ್ಲಿ ಸೈಲೀಷಿಯಾ ಎಂಬ ಸೀಮೆಯ ನೇಕಾರರು, ವ್ಯಾಪಾರಿಗಳು ಕೂಲಿ ಕಡಿದದ್ದನ್ನು ತಾಳಲಾರದೆ ದಂಗೆಯೆದ್ದಿದ್ದರು. ಸೈನ್ಯ ಬಂದು ಗುಂಡು ಹಾರಿಸಿತು. ಆ ಸಂಗತಿಯ ಮೇಲೆ ಗೆರ್ಹಾರ್ಟ್ ಹೌಪ್ಟ್‌ಮನ್ ಎಂಬಾತ ‘ನೇಕಾರರು’ ಎಂಬ ನಾಟಕ ಬರೆದ. ಪೊಲೀಸರು ಬಹಿರಂಗ ಪ್ರಯೋಗಕ್ಕೆ ಅಡ್ಡಿ ಮಾಡಿದ್ದರಿಂದ 1893ರಲ್ಲಿ ಅದನ್ನು ಖಾಸಗಿಯಾಗಿ ಆಡಿ ತೋರಿಸಿದರು. ಕೋಲ್ವಿಟ್ಸ್ ಅದನ್ನು ನೋಡಿ ಬಂದು, ಕೈಯಲ್ಲಿದ್ದ ಬೇರೆ ಕೆಲಸ ಬಿಟ್ಟು ಇದಕ್ಕೆ ಕುಳಿತಳು. 1897ರ ಹೊತ್ತಿಗೆ ಆರು ಚಿತ್ರಗಳು ಮುಗಿದವು.

ನಾಟಕದಲ್ಲಿ ನಾಯಕನಿಲ್ಲ, ಊರಿಗೆ ಊರೇ ನಾಯಕ. ಚಿತ್ರದಲ್ಲಿಯೂ ಹಾಗೆಯೇ. ನಾಲ್ಕನೆಯದನ್ನು ನೋಡಿ: ನೇಕಾರರ ಮೆರವಣಿಗೆ. ಮುಂದುಗಡೆ ಒಬ್ಬ ಹೆಂಗಸು, ಬೆನ್ನ ಮೇಲೆ ನಿದ್ದೆಹೋದ ಮಗು. ಐದನೆಯದರಲ್ಲಿ ಧಣಿಯ ಮನೆಯ ಕಬ್ಬಿಣದ ಬಾಗಿಲು. ಹೆಂಗಸರು ರಸ್ತೆಯ ಕಲ್ಲು ಕೀಳುತ್ತಿದ್ದಾರೆ. ಧಣಿ ಎಲ್ಲಿ? ಕಾಣುವುದೇ ಇಲ್ಲ! ಆತನಿಗೆ ಚಿತ್ರದಲ್ಲಿ ಅಂಗೈಯಗಲ ಜಾಗವನ್ನೂ ಆಕೆ ಕೊಡಲಿಲ್ಲ. ಆರನೆಯದರಲ್ಲಿ ಹೆಣಗಳನ್ನು ಮಗ್ಗದ ಮನೆಗೆ ಹೊತ್ತು ತರುತ್ತಿದ್ದಾರೆ. 1898ರ ಬರ್ಲಿನ್ ಪ್ರದರ್ಶನದಲ್ಲಿ ಇವಕ್ಕೆ ಚಿನ್ನದ ಪದಕ ಕೊಡಬೇಕೆಂದು ತೀರ್ಪುಗಾರರು ಸೂಚಿಸಿದರು. ಕೈಸರ್ ದೊರೆ ಒಪ್ಪಲಿಲ್ಲ. ಒಪ್ಪಿದ್ದರೆ ನನಗೆ ಆಶ್ಚರ್ಯವಾಗುತ್ತಿತ್ತು.

ಈ ಬಗೆಯ ಚಿತ್ರ ನಮ್ಮ ದೇಶದಲ್ಲಿಯೂ ಹುಟ್ಟಿತು, ಬೆಂಕಿಗೂ ಬಿತ್ತು. ಬಂಗಾಳದ ಚಿತ್ತಪ್ರಸಾದ್ 1943ರ ಬರಗಾಲದಲ್ಲಿ ಮಿಡ್ನಾಪುರ ಜಿಲ್ಲೆಯನ್ನು ಸುತ್ತಿ, ಹಸಿದವರನ್ನು ಕಪ್ಪು ಮಸಿಯಲ್ಲಿ ಬರೆದು, ‘ಹಸಿದ ಬಂಗಾಳ’ ಎಂಬ ಅರ್ಥದ ಹೆಸರಿನಲ್ಲಿ ಪುಸ್ತಕ ಮಾಡಿದ. ಬ್ರಿಟಿಷ್ ಸರ್ಕಾರ 5,000 ಪ್ರತಿಗಳನ್ನು ಹಿಡಿದು ಸುಟ್ಟಿತು. ಮನೆಯವರ ಹತ್ತಿರ ಉಳಿದ ಒಂದು ಪ್ರತಿಯಿಂದ 2011ರಲ್ಲಿ ಅದನ್ನು ಮತ್ತೆ ಅಚ್ಚು ಹಾಕಿದರು. ಅದರಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಇದು: ತಾನು ಬರೆದವರ ಹೆಸರು ಊರುಗಳನ್ನು ಆತ ಗುರುತು ಹಾಕಿಕೊಳ್ಳುತ್ತಿದ್ದ. ಸರ್ಕಾರದ ಕಾಗದದಲ್ಲಿ ಅವರು ಬರಿಯ ಸಂಖ್ಯೆ. ಈತನ ಕಾಗದದಲ್ಲಿ ಇಂಥ ಊರಿನ ಇಂಥವರು.

ಅದೇ 1943ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಜನನಾಟ್ಯ ಸಂಘಕ್ಕೆ, ಇಪ್ಟಾ ಎನ್ನುತ್ತೇವಲ್ಲ ಅದಕ್ಕೆ, ಲಾಂಛನ ಬರೆದವನೂ ಈ ಚಿತ್ತಪ್ರಸಾದನೇ. ಏನು ಬರೆದ? ನಗಾರಿ ಬಾರಿಸುವ ಒಬ್ಬ ಮನುಷ್ಯ. ನಮ್ಮ ಊರುಗಳಲ್ಲಿ ಡಂಗುರ ಯಾರು ಹೊಡೆಯುತ್ತಿದ್ದರೆಂದು ನಾನು ನಿಮಗೆ ಹೇಳಬೇಕಾಗಿಲ್ಲ. ಊರಗೌಡನ ಮಾತನ್ನು ಕೇರಿಕೇರಿಗೆ ಸಾರಬೇಕಾದವನಿಗೆ ತನ್ನ ಮಾತೊಂದನ್ನು ಸಾರುವ ಹಕ್ಕಿರಲಿಲ್ಲ. ಆ ವಾದ್ಯವನ್ನೇ ಲಾಂಛನ ಮಾಡಿದರೆಂದರೆ ಅದು ಸಣ್ಣ ಮಾತಲ್ಲ.

ವಾದ್ಯದ ಮಾತು ಬಂದದ್ದರಿಂದ ನನ್ನ ಹುಡುಗತನದ ಒಂದು ಸಂಗತಿ ಹೇಳುತ್ತೇನೆ. ನಾನು ರಾಯಚೂರಿನಲ್ಲಿ ಒಬ್ಬ ಉಸ್ತಾದರ ಹತ್ತಿರ ಬಣ್ಣ ಅರೆಯುವ ಹುಡುಗನಾಗಿದ್ದೆ. ಟಾಕೀಸುಗಳ ಬೋರ್ಡು ನಮ್ಮ ಕೆಲಸ. ಸಣ್ಣ ಫೋಟೋದ ಮೇಲೆ ಚೌಕ ಎಳೆದು, ಬಟ್ಟೆಯ ಮೇಲೆ ದೊಡ್ಡ ಚೌಕ ಎಳೆದು, ಚೌಕಕ್ಕೆ ಚೌಕ ಹೊಂದಿಸಿ ಮುಖ ಬೆಳೆಸುವುದು. ಹೀರೋನ ಮುಖ ಎಂಟು ಅಡಿ, ನಾಯಕಿಯದು ಐದು, ಖಳನ ಕಣ್ಣಿಗೆ ಕೆಂಪು. ಬಡವನ ಪಾತ್ರ ಮಾಡಿದವನಿಗೆ ಮೂಲೆಯಲ್ಲಿಯೂ ಜಾಗವಿಲ್ಲ.

1975ರಲ್ಲಿ ಬಿ. ವಿ. ಕಾರಂತರು ‘ಚೋಮನ ದುಡಿ’ ಚಿತ್ರ ಮಾಡಿದರು. ಶಿವರಾಮ ಕಾರಂತರು 1933ರಲ್ಲಿ ಬರೆದ ಕಾದಂಬರಿ ಅದು. ಒಂದು ತುಂಡು ಹೊಲ ಉಳಬೇಕೆಂದು ಆಸೆಪಟ್ಟ ಹೊಲೆಯನೊಬ್ಬನಿಗೆ, ಹುಟ್ಟಿದ ಜಾತಿಯ ಕಾರಣದಿಂದ ಆ ಹೊಲ ದಕ್ಕದೆ ಹೋಗುವ ಕಥೆ. ಚಿತ್ರಕ್ಕೆ ರಾಷ್ಟ್ರದ ಸ್ವರ್ಣ ಕಮಲ ಬಂತು, ಚೋಮನಾದ ಎಂ. ವಿ. ವಾಸುದೇವರಾಯರು ಶ್ರೇಷ್ಠ ನಟರೆನಿಸಿದರು. ಅದು ನಮ್ಮ ಊರಿಗೆ ಬಂದಾಗ ಟಾಕೀಸಿನವರು ‘ಇದರಾಗ ಹೀರೋ ಯಾರು?’ ಎಂದು ಉಸ್ತಾದರನ್ನೇ ಕೇಳಿದರು. ಉಸ್ತಾದರಿಗೆ ಕನ್ನಡ ಓದಲು ಬಾರದು. ಕಾದಂಬರಿಯನ್ನು ನಾನು ಎರಡು ರಾತ್ರಿ ಕುಳಿತು ಓದಿ ಹೇಳಿದೆ. ಅವರು ಮುಖದ ಗೊಡವೆಗೇ ಹೋಗಲಿಲ್ಲ. ಬೋರ್ಡಿನ ತುಂಬ ಒಂದು ವಾದ್ಯ, ಅದರ ಮೇಲೆ ಎರಡು ಕೈ, ಅಷ್ಟೇ.

ಆದರೆ ದುಡಿ ಎಂಬುದು ಕರಾವಳಿಯ ವಾದ್ಯ. ಉಸ್ತಾದರು ಅದನ್ನು ಕಂಡವರಲ್ಲ. ನಮ್ಮ ಹಲಗೆಯನ್ನೇ ಬರೆದರು. ಬಣ್ಣ ಆರುವ ಮೊದಲೇ, ಹಲಗೆ ಬಾರಿಸುವ ಕೇರಿಯ ಹಿರಿಯನೊಬ್ಬ ನಿಂತು ನೋಡಿ ಹೇಳಿದ: ‘ಸಾಬರ, ಕಡ್ಡಿ ಅದಲ್ ಬದಲ್ ಆಗ್ಯಾವ. ಸಣ್ಣ ಕಡ್ಡಿ ಎಡಗೈಗೆ ಬರಬೇಕು.’ ಉಸ್ತಾದರು ಸಿಟ್ಟಾಗುತ್ತಾರೆಂದು ನಾನು ಹೆದರಿದೆ. ಅವರು ಆತನನ್ನು ಕೂಡ್ರಿಸಿ ಚಹಾ ತರಿಸಿ, ಆತನ ಕೈ ನೋಡಿ ಮತ್ತೊಮ್ಮೆ ಬರೆದರು. ಟಾಕೀಸಿನವರು ಮುಖವಿಲ್ಲದ ಬೋರ್ಡೆಂದು ಅರ್ಧ ಹಣ ಕೊಟ್ಟರು. ಆ ಮಾತು ಬೇರೆ.

ಈಗ ನಮ್ಮ ಕೆಲಸಕ್ಕೆ ಬರುತ್ತೇನೆ. ಇಲ್ಲಿಂದ ದಿನಾಲು ರಾಯಚೂರಿಗೆ ಹತ್ತಿ ಗಿರಣಿಗೆ ಹೋಗುವ ಒಬ್ಬ ತಂಗಿಯ ಬಲಗೈಯ ಎರಡು ಬೆರಳು ಹೋದ ವಿಷಯ ನಿಮಗೆ ಗೊತ್ತು. ಯಾವ ಗಿರಣಿ, ಯಾರ ಗಿರಣಿ ಎಂದು ನಾನು ಹೇಳುವುದಿಲ್ಲ. ದವಾಖಾನೆಯ ಖರ್ಚು ಕೊಟ್ಟು, ಮುಗಿಯಿತೆಂದು ಕಳಿಸಿದ್ದಾರೆ. ಮುಗಿದಿಲ್ಲ. ಕೆಲಸದಲ್ಲಿ ಗಾಯವಾದವರಿಗೆ ಪರಿಹಾರ ಕೊಡಬೇಕೆಂಬ ಕಾಯಿದೆ ಈ ದೇಶದಲ್ಲಿ 1923ರಿಂದಲೇ ಬಂದಿದೆ. ಆ ಕಾಯಿದೆ ಬೆರಳನ್ನು ಗಿಣ್ಣಿನವರೆಗೆ ಲೆಕ್ಕ ಹಾಕಿತ್ತು: ಒಂದು ಕೈಯ ಎರಡು ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ಶೇಕಡಾ 20 ನಷ್ಟ ಎಂದು. ಲೆಕ್ಕ ಸರ್ಕಾರದ ಪುಸ್ತಕದಲ್ಲಿದ್ದು ಗಿರಣಿಯ ಗೋಡೆಯ ಮೇಲೆ ಇಲ್ಲದಿದ್ದರೆ ಯಾರಿಗೆ ಏನು ಬಂತು?

ಆದ್ದರಿಂದ ಭಿತ್ತಿಪತ್ರ ಮಾಡುವುದೆಂದಾಯಿತು. ಫ್ಲೆಕ್ಸು ಬೇಡವೆಂದು ನಾನು ಹಟ ಹಿಡಿದೆ. ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರಲ್ಲಿಯೇ ನಿಷೇಧಿಸಿತು. ಆದರೂ ಊರೆಲ್ಲ ಅದೇ ತೂಗಾಡುತ್ತಿರುವುದಕ್ಕೆ ನಾನೇನು ಮಾಡಲಿ! ನನ್ನಂಥವರ ಅನ್ನವನ್ನೂ ಅದು ಕಸಿಯಿತು, ಆ ಸಂಕಟವೂ ನನ್ನ ಹಟದಲ್ಲಿ ಸೇರಿರಬಹುದು. ಚಿತ್ತಪ್ರಸಾದ್ ಲಿನೋಲಿಯಂ ಹಾಳೆಯಲ್ಲಿ ಕೆತ್ತುತ್ತಿದ್ದ. ನನಗೆ ಅದು ಸಿಗಲಿಲ್ಲ. ಚಪ್ಪಲಿಯ ಅಟ್ಟೆಗೆ ಹಾಕುವ ರಬ್ಬರು ಹಾಳೆ ತಂದೆ. ಕೆತ್ತಿ ತೆಗೆದ ಜಾಗ ಬಿಳಿ, ಉಳಿಸಿದ ಜಾಗ ಕಪ್ಪು. ಉರುಳೆಯಿಂದ ಮಸಿ ಹಚ್ಚಿ, ಕಾಗದ ಹಾಸಿ, ಚಮಚದ ಬೆನ್ನಿನಿಂದ ತಿಕ್ಕಿದರೆ ಅಚ್ಚು ಏಳುತ್ತದೆ. ಯಂತ್ರ ಬೇಡ, ಕರೆಂಟು ಬೇಡ.

ಆ ತಂಗಿಯ ಮನೆಗೆ ಹೋಗಿ ಕೇಳಿದೆ. ಚಿತ್ತಪ್ರಸಾದನಂತೆ ಹೆಸರು ಊರು ಸಮೇತ ಬರೆಯಬೇಕೆಂಬುದು ನನ್ನ ಆಸೆ. ಆಕೆ ಹೇಳಿದಳು: ‘ಅಣ್ಣಾ, ಕೈ ಬರೀರಿ. ಮಕ, ಹೆಸರು ಬ್ಯಾಡ. ನನ್ ತಂಗಿನೂ ಅಲ್ಲೇ ಕೆಲಸಕ್ಕ ಹೊಕ್ಕಾಳ.’ ನಾನು ಸುಮ್ಮನಾದೆ. ಹೆಸರು ಬರೆಯುವುದೂ ಮರ್ಯಾದೆ, ಬರೆಯದಿರುವುದೂ ಮರ್ಯಾದೆ. ಯಾವುದು ಯಾವಾಗ ಎಂಬುದನ್ನು ಬರೆಯುವವನಲ್ಲ, ಕೈ ಯಾರದೋ ಅವರು ಹೇಳಬೇಕು.

ಕೈ ನೋಡಿ ಕೆತ್ತಿದೆ. ಅಕ್ಷರಗಳನ್ನು ತಿರುವುಮುರುವಾಗಿ ಕೆತ್ತಬೇಕೆಂಬ ಎಚ್ಚರ ಇತ್ತು. ‘ಪರಿಹಾರ’ ಸರಿಯಾಗಿಯೇ ಬಂತು. ಮೊದಲ ಅಚ್ಚನ್ನು ಆಕೆಗೆ ತೋರಿಸಿದೆ. ನೋಡಿ, ತನ್ನ ಕೈಯನ್ನು ಪಕ್ಕಕ್ಕೆ ಇಟ್ಟು, ‘ನಂದು ಬಲಗೈ, ಅಣ್ಣಾ’ ಎಂದಳು. ಅಕ್ಷರವನ್ನು ತಿರುಗಿಸಿದ ನಾನು ಕೈಯನ್ನು ತಿರುಗಿಸಿರಲಿಲ್ಲ. 50 ವರ್ಷದ ಕಸಬು! ಆ ಹಾಳೆಯನ್ನು ಬಿಸಾಡಿ ಎರಡನೆಯದು ಕೆತ್ತಿದ್ದೇನೆ. ಇಲ್ಲಿದೆ. ಕಾಗದದ ತುಂಬ ಕೈ. ಕೆಳಗೆ ಎರಡು ಬೆರಳಿನ ಲೆಕ್ಕ ಒಂದು ಸಾಲು. ಸಂಘದ ಹೆಸರು ಸಣ್ಣದಾಗಿ. ಅಧ್ಯಕ್ಷರ ಮುಖ ಇಲ್ಲ. ಅಧ್ಯಕ್ಷರು ಒಪ್ಪಿದ್ದಾರೆ. (ಚಪ್ಪಾಳೆ).

ಅಂಗಡಿಕಾರ ಮಿತ್ರರಲ್ಲಿ ಒಂದು ಮಾತು. ಫ್ಲೆಕ್ಸಿಗೆಂದು ಬಂದವರಿಗೆಲ್ಲ ನೀವು ಪಟ್ಟಿ ಕೊಟ್ಟು ಸಾಕಾಗಿದ್ದೀರಿ. ನಾವು ಹಣ ಕೇಳುವುದಿಲ್ಲ, ಗೋಡೆ ಕೇಳುತ್ತೇವೆ. ಗಿರಣಿ ಧಣಿಯೊಡನೆ ವ್ಯವಹಾರ ಇರುವವರಿಗೆ ಇದು ಕಷ್ಟವೆಂದು ಬಲ್ಲೆ. ಕೊಡದವರ ಮೇಲೆ ನಮಗೆ ಬೇಸರವಿಲ್ಲ. ಕೊಡುವವರು ಹೊರಗೆ ಬಾಗಿಲ ಬಳಿ ಇರುವ ಹುಡುಗನ ಪುಸ್ತಕದಲ್ಲಿ ಬರೆಸಿ ಹೋಗಿರಿ.

ಭಾನುವಾರ ಸಂಜೆ ಇದೇ ಜಾಗದಲ್ಲಿ ಅಚ್ಚು ತೆಗೆಯುತ್ತೇವೆ. ಮನೆಯಿಂದ ಒಂದೊಂದು ಚಮಚ ತರಬೇಕು, ಸ್ಟೀಲಿನದು. ಮೈದಾ ಅಂಟು ಕುದಿಸುವವರು ಅದಕ್ಕೆ ಚೂರು ಮೈಲುತುತ್ತ ಹಾಕಲು ಮರೆಯಬಾರದು. ಹಿಂದೊಮ್ಮೆ ಮರೆತಿದ್ದೆವು, ನಮ್ಮ ಭಿತ್ತಿಪತ್ರವನ್ನು ಓದಿದ ಜನರಿಗಿಂತ ತಿಂದ ಕತ್ತೆಗಳೇ ಹೆಚ್ಚಾಗಿದ್ದವು. ಮಸಿ ಕೈಗೆ ಹತ್ತಿದರೆ ಸೀಮೆಎಣ್ಣೆಯಿಂದ ಹೋಗುತ್ತದೆ.