ಸಾಲ, ಬಡ್ಡಿ, ಸಿನಿಮಾ: ಆರು ಚಿತ್ರಗಳ ಬಗ್ಗೆ ನನ್ನ ಅನಿಸಿಕೆ

ಬಿಕಾಂ ಓದಿದವನಿಗೆ ಸಿನಿಮಾ ಬಗ್ಗೆ ಏನು ಗೊತ್ತು ಅಂತ ಕೆಲವರು ಕೇಳ್ತಿರ್ತಾರೆ. ನ್ಯಾಯವಾದ ಪ್ರಶ್ನೆನೇ. ಕ್ಯಾಮೆರಾ ಆ್ಯಂಗಲ್, ಲೈಟಿಂಗ್ ನನಗೆ ಅಷ್ಟಾಗಿ ತಿಳಿಯಲ್ಲ. ಆದರೆ ಪರದೆ ಮೇಲೆ ಯಾರಾದ್ರೂ ಸಾಲ ಮಾಡಿದ್ರೆ ಸಾಕು, ಬಡ್ಡಿ ಎಷ್ಟು, ಅಡ ಇಟ್ಟಿದ್ದೇನು ಅಂತ ತಲೆ ಓಡುತ್ತೆ. ಹಾಗಾಗಿ ಇವತ್ತು ದುಡ್ಡಿನ ಸುತ್ತ ಸುತ್ತೋ ಆರು ಸಿನಿಮಾ, ಚಿಕ್ಕದಾಗಿ.

ಮೊದಲನೆಯದು ಬಿಮಲ್ ರಾಯ್ ಅವರ ‘ದೋ ಬಿಘಾ ಜಮೀನ್’, 1953. ರೈತ ಶಂಭು ತನ್ನ ಸಾಲ 65 ರೂಪಾಯಿ ಅಂತ ನಂಬಿ, ಮನೇಲಿದ್ದಿದ್ದನ್ನೆಲ್ಲ ಮಾರಿ ದುಡ್ಡು ಹೊಂದಿಸ್ತಾನೆ. ಜಮೀನ್ದಾರನ ಲೆಕ್ಕದಲ್ಲಿ ಅದು 235. ಕೋರ್ಟು ಕಾಗದವನ್ನೇ ನಂಬುತ್ತೆ, ಮೂರು ತಿಂಗಳ ಗಡುವು ಕೊಡುತ್ತೆ. ಬಲರಾಜ್ ಸಾಹ್ನಿ ಕಲ್ಕತ್ತಾದಲ್ಲಿ ರಿಕ್ಷಾ ಎಳೆಯೋದು ಎಲ್ಲರಿಗೂ ನೆನಪಿರುತ್ತೆ. ನನಗೆ ಕಾಡೋದು 65ಕ್ಕೂ 235ಕ್ಕೂ ಇರೋ ಆ ಅಂತರ.

ಯಾಕೆ ಅಂದ್ರೆ ನನ್ನ ಗೆಳೆಯನೊಬ್ಬ ಮೊಬೈಲ್ ಆ್ಯಪ್ ಒಂದರಲ್ಲಿ ಸಾಲ ತಗೊಂಡಿದ್ದ. ಕೈಗೆ ಬಂದಿದ್ದು 8,000. ವಾರದೊಳಗೆ ಕಟ್ಟಬೇಕಾಗಿದ್ದು 12,000. ತಡ ಆದ ಕೂಡಲೇ ಅವನ ಫೋನಿನಲ್ಲಿದ್ದ ನಂಬರ್‌ಗಳಿಗೆಲ್ಲ ಕಾಲ್ ಹೋಯ್ತು. ನನಗೂ ಬಂತು, ಅವನ ಅಮ್ಮನಿಗೂ ಬಂತು. ಮೂರು ದಿನ ಅವನು ಮನೆಯಿಂದ ಆಚೆ ಬರಲಿಲ್ಲ. ಇದು ಕಪ್ಪು-ಬಿಳುಪು ಕಾಲದ ಕಥೆ ಅಂತ ನಾನಂತೂ ಹೇಳಲಾರೆ.

ಎರಡನೆಯದು, ಡಿ ಸಿಕಾ ಅವರ ‘ಬೈಸಿಕಲ್ ಥೀವ್ಸ್’, 1948. ಅಡ ಇಟ್ಟ ಸೈಕಲ್ ಬಿಡಿಸಿಕೊಳ್ಳೋಕೆ ಹೆಂಡತಿ ಮನೆಯ ಬೆಡ್‌ಶೀಟ್‌ಗಳನ್ನ ಅಡ ಇಡ್ತಾಳೆ. ಗುಮಾಸ್ತ ಆ ಗಂಟನ್ನ ಇಡೋಕೆ ಕಪಾಟು ಹತ್ತುತ್ತಾನೆ ನೋಡಿ, ಅಲ್ಲಿ ಚಾವಣಿ ತನಕ ಬೇರೆ ಮನೆಗಳ ಬೆಡ್‌ಶೀಟ್‌ಗಳೇ. ಒಂದೂ ಮಾತಿಲ್ಲದೆ ಇಡೀ ಊರಿನ ಸ್ಥಿತಿ ಗೊತ್ತಾಗಿಬಿಡುತ್ತೆ.

ಮೂರು, ನಮ್ಮ ‘ಭೂತಯ್ಯನ ಮಗ ಅಯ್ಯು’, 1974. ಗೊರೂರರ ಕಥೆ, ಸಿದ್ದಲಿಂಗಯ್ಯನವರ ನಿರ್ದೇಶನ. ಎಲ್ಲರೂ ಲೋಕನಾಥ್ ಅವರ ಉಪ್ಪಿನಕಾಯಿ ದೃಶ್ಯ ನೆನೆಸ್ಕೊಂಡು ನಗ್ತಾರೆ, ನಾನೂ ನಗ್ತೀನಿ. ಆದರೆ ಬಡ್ಡಿ ವ್ಯವಹಾರದ ಭೂತಯ್ಯ ಸತ್ತಾಗ ಹೆಗಲು ಕೊಡೋಕೆ ಊರಿನವರು ಬರಲ್ಲ. ವಸೂಲಿ ಪೂರ್ತಿ ಆಗಿದೆ, ಸಂಬಂಧ ಒಂದೂ ಉಳಿದಿಲ್ಲ. ಹಗೆಯಿಂದ ಕೋರ್ಟಿಗೆ ಹೋದ್ರೆ ಎರಡೂ ಮನೆ ಹಾಳು ಅನ್ನೋದನ್ನ ಇಷ್ಟು ಚೆನ್ನಾಗಿ ಹೇಳಿದ ಕನ್ನಡ ಸಿನಿಮಾ ನಾನು ಇನ್ನೊಂದು ನೋಡಿಲ್ಲ.

ನಾಲ್ಕು, ರಾಮ್ ರೆಡ್ಡಿ ಅವರ ‘ತಿಥಿ’. 2015ರಲ್ಲಿ ಲೊಕಾರ್ನೊದಲ್ಲಿ ಪ್ರಶಸ್ತಿ ಬಂತು. ತಮ್ಮಣ್ಣ ಜಮೀನು ಮಾರೋಕೆ ಬದುಕಿರೋ ಅಪ್ಪನಿಗೇ ಮರಣ ಪ್ರಮಾಣಪತ್ರ ಮಾಡಿಸ್ತಾನೆ. ಅಪ್ಪ ಗಡ್ಡಪ್ಪನಿಗೆ ಆಸ್ತಿನೇ ಬೇಡ! ಮಂಡ್ಯ ಸೀಮೆಯ ಊರಿನವರೇ ನಟಿಸಿರೋದ್ರಿಂದ ಒಂದು ಮಾತೂ ಸುಳ್ಳು ಅನ್ಸಲ್ಲ. ಆರರಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ.

ಐದು, ‘ಮಾರ್ಜಿನ್ ಕಾಲ್’, 2011. ನ್ಯೂಯಾರ್ಕ್‌ನ ಬ್ಯಾಂಕ್ ಒಂದರಲ್ಲಿ ಒಂದೇ ರಾತ್ರಿಯ ಕಥೆ. ಕೆಲಸ ಕಳ್ಕೊಂಡ ಅಧಿಕಾರಿ, ಹಿಂದೆ ಎಂಜಿನಿಯರ್ ಆಗಿದ್ದಾಗ ತಾನು ಕಟ್ಟಿದ ಸೇತುವೆಯಿಂದ ಜನರಿಗೆ ಎಷ್ಟು ಮೈಲಿ ಉಳಿತಾಯ ಆಯ್ತು ಅಂತ ಬಾಯಲ್ಲೇ ಲೆಕ್ಕ ಹಾಕ್ತಾನೆ. ಕಾಮರ್ಸ್ ಓದೋರು ಆ ದೃಶ್ಯಕ್ಕಾದ್ರೂ ನೋಡಿ.

ಕೊನೇದು, ‘ದ ವುಲ್ಫ್ ಆಫ್ ವಾಲ್ ಸ್ಟ್ರೀಟ್’, 2013. ಡಿಕಾಪ್ರಿಯೊ ನಟನೆ ಅದ್ಭುತ, ಒಪ್ಕೋತೀನಿ. ಆದ್ರೆ ಮೂರು ಗಂಟೆಯ ಸಿನಿಮಾದಲ್ಲಿ ದುಡ್ಡು ಕಳ್ಕೊಂಡವರ ಮುಖಾನೇ ಸರಿಯಾಗಿ ಕಾಣಲ್ಲ. ಬೇಕಂತಲೇ ಹಾಗೆ ಮಾಡಿದ್ದಾರೆ ಅಂತ ಸಮರ್ಥಿಸೋರಿದ್ದಾರೆ. ಆ ಮುಖ ಹತ್ತಿರದಿಂದ ನೋಡಿದವನಿಗೆ ಆ ವಾದ ಹಿಡಿಸಲ್ಲ.

ಮುಗಿಸೋ ಮುಂಚೆ ಒಂದು ಮಾತು. ಸಾಲದ ಆ್ಯಪ್‌ಗಳು ನಿಮ್ಮ ಕಾಂಟ್ಯಾಕ್ಟ್ ಲಿಸ್ಟ್ ಮುಟ್ಟಬಾರದು ಅಂತ 2022ರಲ್ಲೇ ರಿಸರ್ವ್ ಬ್ಯಾಂಕ್ ಹೇಳಿದೆ. ಸಾಲಕ್ಕೆ ತಗಲೋ ಒಟ್ಟು ಖರ್ಚನ್ನ ಮೊದಲೇ ಬರೆದು ಕೊಡಬೇಕು ಅಂತಲೂ ಇದೆ. ಆನ್‌ಲೈನಲ್ಲಿ ಮೋಸ ಹೋಗಿ ದುಡ್ಡು ಕಳ್ಕೊಂಡ್ರೆ ಸಹಾಯವಾಣಿ 1930 ಇದೆ. ಯಾರಾದ್ರೂ ಹೀಗೆ ಸಿಕ್ಕಿಹಾಕೊಂಡಿದ್ರೆ ಬೈಯೋಕೆ ಹೋಗ್ಬೇಡಿ, ಮೊದಲು ಪಕ್ಕದಲ್ಲಿ ಕೂತ್ಕೊಳ್ಳಿ.

ನಿಮಗೆ ನೆನಪಿರೋ ಸಾಲದ ಸಿನಿಮಾ ಯಾವುದು? ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.