ಅದಿರಿಗೆ ತೂಕವಿದೆ, ನಮ್ಮ ಮಾತಿಗೆ?

(ದೋಣಿಮಲೈಯ ರಾಜ್ಯೋತ್ಸವ ಸಭೆಯಲ್ಲಿ ಆಡಿದ ಮಾತುಗಳ ಅಚ್ಚುರೂಪ)



ಇಂಟರ್ನೆಟ್ ಕಂಪನಿಗಳ ಸುದ್ದಿಯನ್ನು ಬೆಂಗಳೂರಿನಲ್ಲಿ ಆಡಿಕೊಳ್ಳಲಿ, ಗಣಿ ಊರಿನವರಿಗೆ ಅದರ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಗಣಿಯೆಂದರೆ ಏನು ಎಂಬುದನ್ನು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. ಅದಕ್ಕೇ ಈ ಮಾತನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

1977ರಿಂದ ಈ ದೋಣಿಮಲೈಯಲ್ಲಿ ಎನ್.ಎಂ.ಡಿ.ಸಿ. ಅದಿರು ತೆಗೆಯುತ್ತಿದೆ. ಅದಿರು ಹೊರಟರೆ ತೂಕ. ತೂಕಕ್ಕೆ ರಾಜಧನ. ಗುತ್ತಿಗೆಗೆ ಒಂದು ಅವಧಿ. 2018ರ ನವೆಂಬರಿನಲ್ಲಿ ಗುತ್ತಿಗೆ ಮುಂದುವರಿಸುವ ಹೊತ್ತು ಬಂದಾಗ ನಮ್ಮ ಪಾಲು ಹೆಚ್ಚಾಗಬೇಕೆಂದು ರಾಜ್ಯ ಸರ್ಕಾರ ಪಟ್ಟು ಹಿಡಿಯಿತು. ಗಣಿ ನಿಂತಿತು. ಮತ್ತೆ ಶುರುವಾದದ್ದು 2021ರ ಫೆಬ್ರವರಿಯಲ್ಲಿ. ಆ ಜಗಳದಲ್ಲಿ ಯಾರದು ಸರಿ, ಯಾರದು ತಪ್ಪು ಎಂಬ ಚರ್ಚೆ ಇವತ್ತು ಬೇಡ. ಪಾಲು ಕೇಳುವವರು ಇದ್ದರು ಎಂಬುದಷ್ಟೇ ನನ್ನ ಮಾತು. ಇದೇ ಜಿಲ್ಲೆಯಲ್ಲಿ ತೂಕ ತಪ್ಪಿಸಿ ಅದಿರು ಸಾಗಿಸಿದಾಗಲೂ ಸುಮ್ಮನಿರಲಿಲ್ಲ. ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿತು.

ಈಗ ನಿಮ್ಮ ಜೇಬಿನಲ್ಲಿರುವ ಮೊಬೈಲ್ ತೆಗೆಯಿರಿ. ಬೆಳಗಾದರೆ ಶುಭೋದಯ, ಊರ ಜಾತ್ರೆಯ ವಿಡಿಯೊ, ಮಗಳು ಹೇಳಿದ ಹಾಡು, ತೀರಿಕೊಂಡವರಿಗೆ ನಾಲ್ಕು ಸಾಲು. ಇದೂ ಅದಿರೇ! ನಾವೇ ಅಗೆದು, ನಾವೇ ಹೊತ್ತು, ಪುಕ್ಕಟೆ ಸುರಿದು ಬರುತ್ತೇವೆ. ಅದರ ಮಗ್ಗುಲಲ್ಲಿ ಜಾಹೀರಾತು ಕೂರಿಸಿ ಕಂಪನಿ ಕಾಸು ಎಣಿಸುತ್ತದೆ. ಈಗಂತೂ ಕಂಪ್ಯೂಟರಿಗೆ ಕನ್ನಡ ಕಲಿಸುವುದಕ್ಕೂ ಜನ ಬರೆದ ಕನ್ನಡವೇ ಬೇಕು. ಇದಕ್ಕೆ ತೂಕದ ಕಟ್ಟೆ ಎಲ್ಲಿದೆ? ರಾಜಧನ ಕೇಳಿದವರು ಯಾರು?

ಪರದೇಶದ ಕಂಪನಿಗಳಷ್ಟೇ ಹೀಗೆ ಎಂದುಕೊಳ್ಳಬೇಡಿ. ನಮ್ಮ ಬೆಂಗಳೂರಿನ 'ಕೂ' ಕಥೆ ಕೇಳಿ. ಅಪ್ರಮೇಯ ರಾಧಾಕೃಷ್ಣ ಮತ್ತು ಮಯಂಕ್ ಬಿದವತ್ಕಾ ಕಟ್ಟಿದ ಈ ತಾಣ 2020ರ ಆರಂಭದಲ್ಲಿ ಮೊದಲು ಬಂದದ್ದು ಕನ್ನಡದಲ್ಲಿ. ಇಂಗ್ಲಿಷಿನಲ್ಲಲ್ಲ, ಹಿಂದಿಯಲ್ಲಲ್ಲ, ಕನ್ನಡದಲ್ಲಿ! ನಾವೆಲ್ಲ ಹಿಗ್ಗಿದೆವು. 2021ರ ಫೆಬ್ರವರಿಯಲ್ಲಿ ಟ್ವಿಟರಿಗೂ ಕೇಂದ್ರ ಸರ್ಕಾರಕ್ಕೂ ಜಟಾಪಟಿಯಾದಾಗ ಮಂತ್ರಿಗಳೇ ಕೂ ಕಡೆಗೆ ಬಂದರು. ಅದೇ ಮೇ ತಿಂಗಳಲ್ಲಿ 3 ಕೋಟಿ ಡಾಲರ್ ಬಂಡವಾಳ ಬಂತು. ನೈಜೀರಿಯಾ, ಬ್ರೆಜಿಲ್‌ವರೆಗೂ ಹಕ್ಕಿ ಹಾರಿತು. 2022ರ ನವೆಂಬರಿನಲ್ಲಿ 5 ಕೋಟಿ ಸಲ ಡೌನ್‌ಲೋಡ್ ಆಗಿದೆ ಎಂದು ಕಂಪನಿ ಹೇಳಿಕೊಂಡಿತು. ಆಮೇಲೆ ಹೊಸ ಬಂಡವಾಳ ಬತ್ತಿತು, ನೌಕರರನ್ನು ಕಳಿಸಿದರು, ಬೇರೆ ಕಂಪನಿಗಳ ಜೊತೆ ನಡೆಸಿದ ಮಾತುಕತೆ ಮುರಿಯಿತು. 2024ರ ಜುಲೈನಲ್ಲಿ ಬಾಗಿಲು ಹಾಕಿದರು.

ಕೂ ಕಟ್ಟಿದವರು ದ್ರೋಹಿಗಳು ಎಂದು ನಾನು ಬೈಯಲಾರೆ. ಕನ್ನಡಕ್ಕೆ ಮೊದಲ ಎಲೆ ಹಾಕಿದವರು ಅವರು. ತಪ್ಪು ಆ ದಂಧೆಯ ಲೆಕ್ಕದಲ್ಲೇ ಇದೆ. ಮೊದಲು ಜನ ಸೇರಬೇಕು, ಲಾಭ ಆಮೇಲೆ. ಅಲ್ಲಿಯವರೆಗೆ ಬಂಡವಾಳದವನ ದುಡ್ಡು. ಅವನು ಕೈ ಎತ್ತಿದ ದಿನ ಅಂಗಡಿ ಬಂದ್. ಇಂಗ್ಲಿಷ್ ಬಿಟ್ಟು ನಮ್ಮ ಭಾಷೆಗಳನ್ನೇ ನಂಬಿ 2015ರಲ್ಲಿ ಹುಟ್ಟಿದ, ಬೆಂಗಳೂರಿನಲ್ಲೇ ಬೆಳೆದ ಶೇರ್‌ಚಾಟ್‌ಗೆ 2022ರಲ್ಲಿ ಸುಮಾರು 490 ಕೋಟಿ ಡಾಲರ್ ಬೆಲೆ ಕಟ್ಟಿದ್ದರು. 2023ರ ಜನವರಿಯಲ್ಲಿ ಅದೇ ಕಂಪನಿ ಐವರು ನೌಕರರಲ್ಲಿ ಒಬ್ಬರನ್ನು ಮನೆಗೆ ಕಳಿಸಿತು. ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಫೋಟೊ ಇಳಿಸಿಕೊಳ್ಳಲು ಗಡುವು ಕೊಟ್ಟಿದ್ದರು. ನಮ್ಮಲ್ಲಿ ಎಷ್ಟು ಮಂದಿ ಇಳಿಸಿಕೊಂಡೆವು? ಬಾಡಿಗೆ ಮನೆಯ ಗೋಡೆಗೆ ಬರೆದ ಚಿತ್ರ ಮನೆ ಬಿಡುವಾಗ ಜೊತೆಗೆ ಬರುವುದಿಲ್ಲ.

ಹಾಗಾದರೆ ಸ್ವಂತ ಮನೆ ಯಾವುದು? ಅದೂ ಇದೆ ಬಂಧುಗಳೇ. ಕೆ.ಪಿ. ರಾವ್ ಕನ್ನಡಕ್ಕೊಂದು ಕೀಲಿಮಣೆ ವಿನ್ಯಾಸ ಕೊಟ್ಟರು. 1998ರಲ್ಲಿ ಶೇಷಾದ್ರಿವಾಸು 'ಬರಹ' ತಂದರು. ಕನ್ನಡ ಗಣಕ ಪರಿಷತ್ತು 'ನುಡಿ' ತಂತ್ರಾಂಶ ಕೊಟ್ಟಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು. ಅಲ್ಲಿ ಬರೆದದ್ದು ಯಾವ ಸಾಹುಕಾರನ ಸೊತ್ತೂ ಅಲ್ಲ. ಯಾರು ಬೇಕಾದರೂ ಪ್ರತಿ ತೆಗೆದಿಡಬಹುದು. ಒಬ್ಬ ಬಾಗಿಲು ಹಾಕಿದರೆ ಇನ್ನೊಬ್ಬ ತೆರೆಯಬಹುದು.

ಆದರೆ ಈ ಮನೆಗೆ ನಾವೆಷ್ಟು ಇಟ್ಟಿಗೆ ಹೊತ್ತಿದ್ದೇವೆ? 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆಯವರು 4 ಕೋಟಿ 37 ಲಕ್ಷ, ಮಲಯಾಳಿಗಳು 3 ಕೋಟಿ 48 ಲಕ್ಷ. ಮಲಯಾಳಂ ವಿಕಿಪೀಡಿಯದಲ್ಲಿ 80 ಸಾವಿರಕ್ಕೂ ಮಿಕ್ಕಿ ಲೇಖನಗಳಿವೆ. ಕನ್ನಡದಲ್ಲಿ ಅದರ ಅರ್ಧವೂ ಇಲ್ಲ. ಈ ಸೋಲಿಗೆ ಯಾವ ಹೊರಗಿನವನನ್ನು ದೂರೋಣ? 2021ರ ಜೂನಿನಲ್ಲಿ ಗೂಗಲ್ ಹುಡುಕಾಟದಲ್ಲಿ ಕನ್ನಡವನ್ನು ಹೀಗಳೆಯುವ ಉತ್ತರ ಬಂದಾಗ ಒಂದೇ ದಿನದಲ್ಲಿ ಕೂಗೆಬ್ಬಿಸಿ ಕ್ಷಮೆ ಕೇಳಿಸಿದೆವು. ಭೇಷ್! ಆ ಒಂದು ದಿನದ ಕೆಚ್ಚು ವರ್ಷದ ಉಳಿದ ದಿನ ಎಲ್ಲಿ ಹೋಗುತ್ತದೆ?

ಸರ್ಕಾರದ ಮುಂದೆ ನಾವಿಡಬೇಕಾದ ಬೇಡಿಕೆ ಎರಡು. ಕನ್ನಡಿಗರಿಂದ ಬರೆಸಿಕೊಳ್ಳುವ ಯಾವ ಕಂಪನಿಯಾದರೂ ಮುಚ್ಚುವ ಮುನ್ನ ಬರೆದವರ ಬರಹವನ್ನು ಅವರ ಕೈಗೆ ಒಪ್ಪಿಸಲೇಬೇಕು. ಕನ್ನಡದಲ್ಲಿ ವ್ಯಾಪಾರ ಮಾಡುವವರು ದೂರು ಕೇಳುವುದಕ್ಕೂ ಕನ್ನಡ ಬಲ್ಲ ಮನುಷ್ಯರನ್ನು ಇಡಲೇಬೇಕು.

ಇನ್ನು ನಿಮ್ಮಲ್ಲಿ ಒಂದು ಕೋರಿಕೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತು ಸಿಕ್ಕಿದೆ. ಆ ಹೊಲಿಗೆಗಳ ಹೆಸರನ್ನು ಆ ತಾಯಂದಿರಿಂದ ಕೇಳಿ ಬರೆದಿಡಿ. ಗಣಿ ಕೆಲಸದವರ ಬಾಯಲ್ಲಿರುವ ಮಾತುಗಳನ್ನು ಬರೆದಿಡಿ. ಸ್ವಾಮಿಮಲೆಯ ಗಿಡಮರಗಳ ಹೆಸರು ಬರೆದಿಡಿ. ಮೊಬೈಲಿನಲ್ಲಿ ಹಂಚುವುದು ಬೇಡವೆನ್ನುವುದಿಲ್ಲ. ಒಂದು ಪ್ರತಿ ಮಾತ್ರ ನಿಮ್ಮದೇ ಮನೆಯಲ್ಲಿರಲಿ.

ಬೆಟ್ಟದ ಅದಿರು ಒಂದು ದಿನ ಮುಗಿಯುತ್ತದೆ, ನಿಮಗದು ಗೊತ್ತು. ಮಾತು ಅಗೆದಷ್ಟೂ ಬೆಳೆಯುವ ಗಣಿ. ಅದರ ಗುತ್ತಿಗೆ ನಮ್ಮ ಹೆಸರಿನಲ್ಲೇ ಇರಲಿ.

ಸಿರಿಗನ್ನಡಂ ಗೆಲ್ಗೆ.